ಎಣ್ಣೆ ಹಾಕಬಾರದ ಮಂಗ

ಅಂಕೋಲೆ
ತಾ. ೧೮-೬-೧೯೩೬

ಚಿ. ಸೌ. ಜಯಂತಿಗೆ,

ಸೃಷ್ಟಿಕರ್ತನಾದ ಬ್ರಹ್ಮದೇವನನ್ನು ಬಿಟ್ಟರೆ ಎಲುಬಿಗೆ ಎಲುಬು ಕೂಡಿಸಿ ಮಂಗನನ್ನು ಮಾಡಿದವನು ಹದಿನಾಲ್ಕು ಲೋಕದಲ್ಲಿ ಒಬ್ಬನೇ. ಅದೂ ಯಾರನ್ನೂ ಕೇಳದೆ, ಒಂದೇ ಏಟಿಗೆ, ಒಂದು ತಪ್ಪೂ ಇಲ್ಲದೆ. ಅಂಥ ನಿನ್ನ ಬೊಮ್ಮು ಮಾವನ ಆಶೀರ್ವಾದಗಳು. ಬ್ರಹ್ಮನಿಗಾದರೂ ಬಾಲದ ವಿಷಯದಲ್ಲಿ ಎರಡು ಮನಸ್ಸಾಗಿರಬೇಕು. ಕೆಲವರಿಗೆ ಇಟ್ಟ, ಕೆಲವರಿಗೆ ಮರೆತ. ನನಗೆ ಆ ಸಂಶಯವೂ ಬರಲಿಲ್ಲ. ಇಷ್ಟನ್ನು ನಿನ್ನ ಗಂಡ ಮಂಗೇಶನಿಗೆ ಗಟ್ಟಿಯಾಗಿ ಓದಿ ಹೇಳು. ಮುಂದಿನದನ್ನು ನೀನು ಮೊದಲು ಓದಿಕೋ, ಆಮೇಲೆ ಬೇಕಾದರೆ ಅವನಿಗೆ ಕೊಡು.

ಇಲ್ಲಿ ನಾನೂ, ನಿನ್ನ ಅತ್ತೆಯೂ, ಮಳೆಯೂ ಕ್ಷೇಮ.

ನಿಮ್ಮ ತಾರು ಬಂದದ್ದು ಹೋದ ವಾರ ಮಂಗಳವಾರ. ತಾರು ಅಂದರೆ ನಮ್ಮ ಕಡೆ ಯಾರೋ ಹೋದರು ಅಂತಲೇ ಅರ್ಥ. ಪೋಸ್ಟಿನವ ಅಂಗಳದಲ್ಲಿ ಕೊಡೆ ಮಡಚುವ ಮೊದಲೇ ನಿನ್ನ ಅತ್ತೆ ಗಂಗೂ ಜಗಲಿಯ ಕಂಬ ಹಿಡಿದು ಕೂತು, "ಅಯ್ಯೋ ನನ್ನ ಜಯಂತೀ" ಎಂದು ಶುರುಮಾಡಿಬಿಟ್ಟಳು. ಇಂಗ್ಲೀಷು ನನಗೆ ನೀರು ಕುಡಿದಷ್ಟು ಸಲೀಸು, ಆದರೆ ಆವತ್ತು ಕನ್ನಡಕ ಸಿಗಲಿಲ್ಲ. ನನ್ನ ಹತ್ತಿರ ಕನ್ನಡಕವೇ ಇಲ್ಲವೆಂಬುದು ಬೇರೆ ಮಾತು. ತಾರನ್ನು ಅಂಗಿಯೊಳಗೆ ಹಾಕಿಕೊಂಡು ಪೋಸ್ಟಿಗೆ ಓಡಿದೆ. ಪೋಸ್ಟಮಾಸ್ತರರು ಓದಿದರು: ಮಂಗ ನಿಂತಿತು, ಕೆಲಸ ಕಾಯಂ. ಇನ್ನೊಮ್ಮೆ ಓದಿದರು. ಆಮೇಲೆ ಬಾಗಿಲ ಕಡೆ ನೋಡಿ, ಧ್ವನಿ ಇಳಿಸಿ, "ಬೊಮ್ಮು, ಇದೆಂಥಾ ಗುಟ್ಟಿನ ಭಾಷೆ ಮಾರಾಯಾ? ಮಂಗ ಅಂದ್ರೆ ಯಾರು? ಮತ್ತೆ ಉಪ್ಪಿನ ಗಲಾಟೆ ಶುರು ಮಾಡ್ತ್ರಾ ಹೆಂಗೆ?" ಎಂದು ಕೇಳಿದರು. ಮಂಗ ಅಂದರೆ ಮಂಗವೇ ಮಾಸ್ತರೇ, ಎಂದು ಹೇಳಿ ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟೆ. ಬೊಮ್ಮು ಅತ್ತ ಎಂದು ಅವರು ಊರೆಲ್ಲ ಹೇಳುತ್ತ ತಿರುಗುತ್ತಿದ್ದಾರಂತೆ. ಅದು ಮಳೆಯ ನೀರು.

ಈ ಕಥೆಯಲ್ಲಿ ಮುಂಬಯಿಯ ಅರ್ಧ ನಿನಗೆ ಗೊತ್ತು, ಅಂಕೋಲೆಯ ಅರ್ಧ ಗೊತ್ತಿಲ್ಲ. ಅದನ್ನು ಬರೆದುಬಿಡುತ್ತೇನೆ, ಎದೆ ಹಗುರಾದಾಗಲೇ ಬರೆಯಬೇಕು.

ಫೆಬ್ರುವರಿಯಲ್ಲಿ ಮಂಗೇಶ ಬರೆದಿದ್ದ. ಅವನ ಸಿನೆಮಾ ಕಂಪನಿಗೆ ಸಮುದ್ರ ಹಾರುವ ಮಂಗ ಬೇಕು. ಮೊಳದುದ್ದದ ಬೊಂಬೆಯನ್ನು ಕ್ಯಾಮೆರಾದ ಮುಂದೆ ನಿಲ್ಲಿಸಿ ಒಂದು ಪಟ ಹೊಡೆಯುವುದು. ಕೈಯನ್ನು ಎಳ್ಳಿನಷ್ಟು ಸರಿಸಿ ಮತ್ತೊಂದು ಪಟ ಹೊಡೆಯುವುದು. ಅಂಥ ಸಾವಿರಾರು ಪಟಗಳನ್ನು ಒಟ್ಟಿಗೆ ಓಡಿಸಿದರೆ ಬೊಂಬೆ ತಾನೇ ಹಾರಿದ ಹಾಗೆ ಕಾಣುತ್ತದಂತೆ. ತಂತಿಯ ಬೊಂಬೆ ಬಗ್ಗಿಸಿ ಬಗ್ಗಿಸಿ ಮುರಿದುಹೋಗುತ್ತಿತ್ತು. ಒಳಗೆ ಲೋಹದ ಎಲುಬು ಬೇಕು, ಎಲುಬಿನ ತುದಿಗೆ ಗುಂಡು, ಗುಂಡಿಗೆ ಗೂಡು, ನಮ್ಮ ಭುಜದಲ್ಲಿ ಇರುವ ಹಾಗೆ. ವಿಲಾಯತಿಯಿಂದ ತರಿಸಲು ಕಂಪನಿಯ ಶೇಟರು ಒಪ್ಪಲಿಲ್ಲ. ಜೂನ್ ಮೊದಲ ವಾರದೊಳಗೆ ಬೊಂಬೆ ಹಾರದಿದ್ದರೆ ನೀನು ಮನೆಗೆ ಹೋಗು ಎಂದು ಮಂಗೇಶನಿಗೆ ಹೇಳಿದ್ದರು.

ಆ ಕೆಲಸ ಹೋದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಕದ್ವಾಡದಲ್ಲಿ ಅವನ ಅಪ್ಪ, ಮಗ ಬೊಂಬೆ ಆಡಿಸುವುದು ಬಿಟ್ಟು ಬಂದು ಗದ್ದೆಗೆ ಇಳಿಯಲಿ ಎಂದು ಕಾದು ಕೂತಿದ್ದರು. ನಿನ್ನ ಅಪ್ಪನಿಗೂ ಈ ಸಂಬಂಧ ಮನಸ್ಸಿರಲಿಲ್ಲ. ಇಬ್ಬರ ನಡುವೆ ಕೂತು, ಈ ಹುಡುಗ ಬೊಂಬೆ ಆಡಿಸಿಯೇ ಬಂಗಲೆ ಕಟ್ಟುತ್ತಾನೆ ಎಂದು ಎದೆ ತಟ್ಟಿ ಮಾತು ಕೊಟ್ಟವನು ನಾನು. ನೀವು ಗಂಟುಮೂಟೆ ಕಟ್ಟಿಕೊಂಡು ಕಾರವಾರದ ಬಂದರಿನಲ್ಲಿ ಇಳಿಯುವುದನ್ನು ನೆನೆಸಿದರೆ ನನಗೆ ನನ್ನ ಸೈಕಲ್ ಅಂಗಡಿಯಲ್ಲಿ ಕೂತಲ್ಲೇ ಬೆವರು ಬರುತ್ತಿತ್ತು. ಅದಕ್ಕೇ ಮರುದಿನವೇ ಬರೆದೆ: ಚಿಂತೆ ಬಿಡಿ, ಎಲುಬು ನಾನು ಮಾಡುತ್ತೇನೆ.

ಬಾಡಿಗೆ ಸೈಕಲ್ಲುಗಳಲ್ಲಿ ಹಳೆಯದೊಂದನ್ನು ಹಿತ್ತಲಿಗೆ ತಂದು ಬಿಚ್ಚಿ ಹಾಕಿದೆ. ಚಕ್ರದ ನಡುವಿನ ಹಬ್ಬಿನೊಳಗೆ ಉಕ್ಕಿನ ಗುಂಡುಗಳಿರುತ್ತವಲ್ಲ, ಸಣ್ಣವು ಮಂಗನ ಮಣಿಕಟ್ಟಿಗೆ, ಪೆಡಲಿನ ನಡುವಿನ ದೊಡ್ಡವು ಸೊಂಟಕ್ಕೆ. ಚಕ್ರದ ಕಡ್ಡಿ ಕತ್ತರಿಸಿದರೆ ತೋಳಿನ ಎಲುಬು. ಆದರೆ ಉಕ್ಕಿನ ಗುಂಡಿಗೆ ತೂತು ಕೊರೆಯುವ ಬೈರಿಗೆ ಹತ್ತುವುದಿಲ್ಲ, ಜಾರಿ ಅಂಗೈಗೆ ಇಳಿಯುತ್ತದೆ. ತೆಂಗಿನ ಗೆರಟೆಯ ಕೆಂಡದಲ್ಲಿ ಕೆಂಪಗೆ ಕಾಯಿಸಿ, ಬೂದಿಯೊಳಗೆ ಹುಗಿದು, ತಾನಾಗಿ ಆರಲು ಬಿಟ್ಟರೆ ಮೆತ್ತಗಾಗುತ್ತದೆ. ಆಗ ತೂತು ಕೊರೆದು, ಕಡ್ಡಿ ತೂರಿಸಿ, ಬಿಳಿಗಾರ ಹಾಕಿ ಹಿತ್ತಾಳೆಯಲ್ಲಿ ಬೆಸೆಯುವುದು. ಗೂಡಿಗೆ ಎರಡು ಹಿತ್ತಾಳೆಯ ತಗಡು, ಎರಡಕ್ಕೂ ಗುಂಡಿಗಿಂತ ತುಸು ಸಣ್ಣ ತೂತು. ನಡುವೆ ಗುಂಡು ಕೂರಿಸಿ ಸ್ಕ್ರೂ ಬಿಗಿದರೆ ದವಡೆಯಲ್ಲಿ ಅಡಿಕೆ ಕಚ್ಚಿಕೊಂಡ ಹಾಗೆ ಹಿಡಿದುಕೊಳ್ಳುತ್ತದೆ. ನಿನ್ನ ಅತ್ತೆ ಬಚ್ಚಲ ಒಲೆಗೆಂದು ಕೂಡಿಟ್ಟ ಗೆರಟೆಯೆಲ್ಲ ಇದಕ್ಕೇ ಹೋಯಿತು. "ನಾನು ತಣ್ಣೀರು ಮೀಯೂದು, ನಿಮ್ಮ ಮಂಗ ಬೆಂಕಿ ಕಾಯೂದು, ಚಂದ ಆಯ್ತು" ಎಂದು ದಿನಾ ಮಂತ್ರ ಹೇಳಿದಳು.

ಎಲ್ಲ ಜೋಡಿಸಿದ ಮೇಲೆ ಸೈಕಲ್ ಅಂಗಡಿಯವನ ಕೈ ಸುಮ್ಮನಿರುತ್ತದೆಯೇ? ನಮ್ಮ ಕಸುಬಿನಲ್ಲಿ ಚಕ್ರವನ್ನೆತ್ತಿ ಒಂದು ತಿರುವು ಕೊಟ್ಟರೆ ಗಿರಾಕಿ ಬೀಡಿ ಸೇದಿ ಮುಗಿಸುವವರೆಗೂ ಅದು ತಿರುಗುತ್ತಿರಬೇಕು. ಅದೇ ಮರ್ಯಾದೆ. ಒಂದೊಂದು ಗೂಡಿಗೂ ಗ್ರೀಸು ತುಂಬಿದೆ, ಸ್ಕ್ರೂ ಅರ್ಧ ಸುತ್ತು ಸಡಿಲಿಸಿದೆ. ಮಂಗನ ತೋಳಿಗೆ ಬೆರಳಿನಿಂದ ತಟ್ಟಿದರೆ ಗಿರ್ರನೆ ತಿರುಗಿತು. ಬೇಕಂತಲೇ ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು ತೋರಿಸಿದೆ. ಆಮೇಲೆ ಭತ್ತದ ಹೊಟ್ಟು ತುಂಬಿದ ಡಬ್ಬಿಯಲ್ಲಿ ಮಲಗಿಸಿ ಮುಂಬಯಿಗೆ ಹೋಗುವ ಆಗಬೋಟಿನಲ್ಲಿ ಕಳಿಸಿದೆ.

ಏಪ್ರಿಲಿನಲ್ಲಿ ನಿನ್ನ ಪತ್ರ ಬಂತು. ದೊಡ್ಡ ದೀಪ ಹಚ್ಚಿದ ಸ್ವಲ್ಪ ಹೊತ್ತಿಗೆ ಗ್ರೀಸು ಕರಗಿ, ಮೊದಲು ಕೈ ಇಳಿಯಿತು, ಆಮೇಲೆ ತಲೆ ಎದೆಗೆ ಬಿತ್ತು, ಕೊನೆಗೆ ಸಮುದ್ರ ಹಾರಬೇಕಾದ ಮಂಗ ಊಟ ಮುಗಿಸಿ ಜೊಂಪು ಹತ್ತಿದವರ ಹಾಗೆ ಕೂತುಬಿಟ್ಟಿತು ಎಂದು ನೀನು ಬರೆದಿದ್ದೆ. ಶೇಟರು ಕೂಗಾಡಿದಾಗ ಮಂಗೇಶ, ಮಾಡಿದವರ ತಪ್ಪಲ್ಲ, ಹೇಗೆ ಬೇಕೆಂದು ನಾನೇ ಸರಿಯಾಗಿ ತಿಳಿಸಲಿಲ್ಲ ಎಂದನಂತೆ.

ಜಯಂತಿ, ಅವನು ತಿಳಿಸಿದ್ದ. ಕೀಲು ಬಿಗಿಯಾಗಿರಲಿ, ಇಟ್ಟಲ್ಲೇ ನಿಲ್ಲಬೇಕು ಎಂದು ಬರೆದೇ ಇದ್ದ. ಈ ಹುಡುಗನಿಗೆ ಕೀಲಿನ ವಿಷಯ ಏನು ಗೊತ್ತು ಎಂದು ನಕ್ಕವನು ನಾನು. ನನ್ನ ಜನ್ಮದಲ್ಲಿ ನಾನು ಬೇರೆಯವರ ಕೆಲಸವನ್ನು ನನ್ನದು ಎಂದು ಹೇಳಿಕೊಂಡದ್ದುಂಟು, ನನ್ನ ತಪ್ಪನ್ನು ಇನ್ನೊಬ್ಬರು ತಮ್ಮದು ಎಂದು ಹೇಳಿದ್ದು ಅದೇ ಮೊದಲು. ಆ ದಿನ ಊಟ ಸೇರಲಿಲ್ಲ. ಬಂಗಡೆ ಸಾರು ಇತ್ತು, ಆದರೂ ಸೇರಲಿಲ್ಲ. ನಿನ್ನ ಅತ್ತೆ ಎದುರಿಗೆ ಕುಕ್ಕರಗಾಲಲ್ಲಿ ಕೂತು, "ಹೋಯ್, ಸೈಕಲ್ಲು ಓಡೂಕೆ, ಮಂಗ ನಿಲ್ಲೂಕೆ. ಎರಡಕ್ಕೂ ಒಂದೇ ಎಣ್ಣೆ ಹಾಕ್ತ್ರಲ್ಲ, ನಿಮ್ಗೆ ಯಾರು ಕಲ್ಸಿದ್ದು?" ಎಂದಳು. ನಾನೂ ಅದನ್ನೇ ಯೋಚಿಸುತ್ತಿದ್ದೆ ಎಂದೆ.

ಇಷ್ಟಕ್ಕೇ ಬುದ್ಧಿ ಬಂದಿದ್ದರೆ ಕಥೆ ಮುಗಿಯುತ್ತಿತ್ತು. ಆದರೆ ನನಗೆ ಬುದ್ಧಿಗಿಂತ ಮೊದಲು ದೊಡ್ಡ ಯೋಚನೆ ಬರುತ್ತದೆ. ಒಂದು ಮಂಗ ಸರಿಯಾದರೆ ಶೇಟರಿಗೆ ಸೈನ್ಯವೇ ಬೇಕಾಗುತ್ತದೆ, ಸೈನ್ಯದ ಗುತ್ತಿಗೆ ನನ್ನದೇ, ಹಾಗಾದರೆ ಗುಂಡು ಸಗಟಿನಲ್ಲಿ ಕೊಳ್ಳಬೇಕು. ಬಸ್ಸು ಹತ್ತಿ ಕಾರವಾರಕ್ಕೆ ಹೋದೆ. ಬಂದರಿನ ಹತ್ತಿರ ಒಬ್ಬ ಪೆಟ್ಟಿಗೆ ಬಿಚ್ಚಿಕೊಂಡು ಕೂತಿದ್ದ. ಗಡಿಯಾರದ ಚೈನು, ಬೀಗ, ಕತ್ತರಿ, ಮತ್ತೆ ಡಬ್ಬಿ ಡಬ್ಬಿ ಹೊಳೆಯುವ ಗುಂಡು. ಜರ್ಮನಿಯ ಉಕ್ಕು, ಹಡಗಿನಿಂದ ಇಳಿದದ್ದು ಎಂದ. ನಾನು ಒಂದನ್ನು ನಾಲಿಗೆಗೆ ತಾಗಿಸಿ, ಅಂಗೈಯಲ್ಲಿ ತೂಗಿ, ಹೌದು, ಜರ್ಮನಿಯದೇ, ಈ ಭಾರ ಬೇರೆ ಉಕ್ಕಿಗೆ ಬರುವುದಿಲ್ಲ ಎಂದೆ. ಅವನು ಬೆರಗಾಗಿ ನನ್ನ ಮುಖ ನೋಡಿದ. ಅದು ಬೆರಗಲ್ಲ, ನಗು ತಡೆದುಕೊಂಡದ್ದು ಎಂದು ಈಗ ತಿಳಿಯುತ್ತದೆ. ಅಯಸ್ಕಾಂತ ಹಿಡಿದಿದ್ದರೆ ಆಗಲೇ ಗೊತ್ತಾಗುತ್ತಿತ್ತು. ನನ್ನ ಅಂಗಡಿಯಲ್ಲಿ ಅಯಸ್ಕಾಂತ ಇದೆ. ಆದರೆ ನಾಲಿಗೆ ಸಾಕು ಎಂದು ನನ್ನ ನಂಬಿಕೆ.

ಮನೆಗೆ ತಂದು ಒಂದು ಹಿಡಿ ಕೆಂಡಕ್ಕೆ ಹಾಕಿದೆ. ಗುಂಡು ಕೆಂಪಾಗಲಿಲ್ಲ. ಒಂದಕ್ಕೊಂದು ಒರಗಿದವು, ಮೈ ಬೆವರಿದ ಹಾಗೆ ಮಿಣಮಿಣ ಹೊಳೆದವು, ಆಮೇಲೆ ಎಲ್ಲ ಸೇರಿ ಬೂದಿಯೊಳಗೆ ಹರಿದುಹೋದವು. ಬರೀ ಸೀಸ, ಮೇಲೆ ಹೊಳಪಿನ ಲೇಪ. ನಿನ್ನ ಅತ್ತೆ ಬಗ್ಗಿ ನೋಡಿ, "ಎಂಥದ್ರಾ ಇದು, ಎಲುಬು ಮಾಡ್ತ್ರಾ, ಪಾಯಸ ಕಾಸ್ತ್ರಾ?" ಎಂದಳು. ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಎಷ್ಟು ಹೋತು?" ಎಂದು ಕೇಳಿದಳು. ಏಳು ರೂಪಾಯಿ ಎಂದೆ. ಅಂದಿನಿಂದ ಈ ಮನೆಯಲ್ಲಿ ನನ್ನ ಹೆಸರೇ ಬದಲಾಗಿದೆ. "ಏಳು ರೂಪಾಯಿ ಶೇಟ್ರೇ, ಗಂಜಿ ಆರ್ತದೆ, ಬರ್ತ್ರಾ?" ಎಂದು ಅಂಗಡಿಗೆ ಕೇಳುವ ಹಾಗೆ ಕೂಗುತ್ತಾಳೆ. ಗಿರಾಕಿಗಳೂ ಹಾಗೇ ಕರೆಯಲು ಹತ್ತಿದ್ದಾರೆ. ಮರುದಿನ ಕಾರವಾರಕ್ಕೆ ಹೋಗಿ ನೋಡಿದರೆ ಬಂದರಿನಲ್ಲಿ ಅವನೂ ಇಲ್ಲ, ಅವನ ಪೆಟ್ಟಿಗೆಯೂ ಇಲ್ಲ.

ಮೇ ತಿಂಗಳು ಬಂತು. ಮಳೆಗಾಲ ಶುರುವಾದರೆ ಆಗಬೋಟು ನಿಲ್ಲುತ್ತದೆ, ನಿನ್ನ ಗಂಡನ ವಾಯಿದೆಯೂ ತೀರುತ್ತದೆ. ಇನ್ನೊಂದು ಸೈಕಲ್ಲನ್ನು ಬಿಚ್ಚಿದೆ, ಈ ಸಲ ಒಳ್ಳೆಯದನ್ನೇ, ಯಾಕೆಂದರೆ ಹಳೆಯದರ ಗುಂಡುಗಳು ಸವೆದು ಉರುಟು ತಪ್ಪಿರುತ್ತವೆ, ಗೂಡಿನಲ್ಲಿ ಒಂದು ಮಗ್ಗುಲು ಹಿಡಿದು ಇನ್ನೊಂದು ಮಗ್ಗುಲು ಬಿಡುತ್ತವೆ. ಎಣ್ಣೆಯ ಡಬ್ಬಿಯನ್ನು ನಿನ್ನ ಅತ್ತೆ ತಾನಾಗಿಯೇ ತೆಗೆದು ಅಟ್ಟಕ್ಕೆ ಹಾಕಿದಳು. ಮೊದಲು ಕೀಲುಗಳು ಕಿರ್ ಎಂದು ಹಿಡಿದುಕೊಂಡು, ಸರಿಸಲು ಹೋದರೆ ಒಮ್ಮೆಲೇ ಹಾರುತ್ತಿದ್ದವು. ಎಳ್ಳಿನಷ್ಟು ಸರಿಸು ಎಂದರೆ ಕಡಲೆಯಷ್ಟು ಸರಿಯುತ್ತಿತ್ತು. ಹೆಂಚಿನ ನಯವಾದ ಪುಡಿ ಹಾಕಿ ಗುಂಡನ್ನು ಅದರದರ ಗೂಡಿನಲ್ಲೇ ತಿರುವಿ ತಿರುವಿ ಹೊಂದಿಸಿದೆ. ಅಂಟುವಾಳದ ನೀರಿನಲ್ಲಿ ತೊಳೆದು, ಒಲೆಯ ಬೂದಿಯಲ್ಲಿ ತಿಕ್ಕಿ, ಒಣಬಟ್ಟೆಯಲ್ಲಿ ಒರೆಸಿ, ಕಡ್ಡಿ ಬಿಗಿಯುವ ಚಾವಿಯಿಂದ ಕೂದಲೆಳೆಯಷ್ಟು ಕೂದಲೆಳೆಯಷ್ಟು ಬಿಗಿದೆ. ಸೈಕಲ್ಲಿನಲ್ಲಿ ಇಷ್ಟು ವರ್ಷ ನಾನು ಕೇಳಿದ್ದು ಎಲ್ಲಿ ತಡೆಯುತ್ತದೆ ಎಂದು. ಇಲ್ಲಿ ಬೇಕಾದದ್ದೇ ಆ ತಡೆ. ಬೆರಳಿಗೆ ಅದು ತಿಳಿದ ದಿನ, ಬೆಣ್ಣೆಯೊಳಗೆ ಚೂರಿ ಇಳಿದ ಹಾಗೆ ತೋಳು ಸರಿಯಿತು, ಕೈ ಬಿಟ್ಟಲ್ಲಿ ನಿಂತಿತು.

ಆದರೂ ನನಗೆ ನಂಬಿಕೆ ಬರಲಿಲ್ಲ. ಮದುವೆ ಮನೆಗಳಿಗೆ ಕೊಡುವ ಗ್ಯಾಸ್‌ಬತ್ತಿ ಎರಡನ್ನು ಬಾಡಿಗೆಗೆ ತಂದು, ಮಟಮಟ ಮಧ್ಯಾಹ್ನ ಜಗಲಿಯಲ್ಲಿ ಮಂಗನ ಮುಂದೆ ಹಚ್ಚಿ ಇಟ್ಟೆ. ಬೊಮ್ಮುವಿಗೆ ಹಗಲೇ ಕತ್ತಲೆ ಹತ್ತಿದೆ ಎಂದು ಊರು ನಕ್ಕಿತು. ನಿನ್ನ ಅತ್ತೆ ಒಳಗಿನಿಂದ ಸೌಟು ತಂದು ಚಾಚಿದ ಕೈಗೆ ನೇತುಹಾಕಿದಳು. ಕೈ ಇಳಿಯಲಿಲ್ಲ. ಅಷ್ಟರಲ್ಲಿ ತರಕಾರಿ ಮಾರುವ ತಿಮ್ಮಿ ಬುಟ್ಟಿ ಇಳಿಸಿ, ಎರಡು ದೀಪದ ನಡುವೆ ನಿಂತ ಮೂರ್ತಿಯನ್ನು ನೋಡಿ ಕೈ ಮುಗಿದು, ಅದರ ಅಂಗೈಗೆ ಒಂದು ಕಾಸು ಇಟ್ಟು, "ದ್ಯಾವ್ರೇ, ನನ್ನ ಮೊಣಕಾಲ ನೋವು ಒಂದು ತೆಗೀಯಪ್ಪಾ" ಎಂದಳು. ತಿಮ್ಮೀ, ಅದರ ಮೊಣಕಾಲೇ ನನ್ನಿಂದ ಮೊನ್ನೆ ಮೊನ್ನೆ ಸರಿಯಾಗಿದೆ ಎಂದೆ. "ಹಾಂಗಾರೆ ನಂದೂ ನೀವೇ ಬಿಗೀರಿ ಒಡ್ಯಾ" ಎಂದು ಕಾಸು ವಾಪಸು ತೆಗೆದುಕೊಂಡು ಹೋದಳು. ಸಂಜೆಯವರೆಗೆ ಕೈ ಹಾಗೇ ಇತ್ತು.

ಆಗಬೋಟಿನ ಕಥೆ ನಿನಗೆ ಅರ್ಧ ಗೊತ್ತು. ಕಾರವಾರಕ್ಕೆ ಹೋದರೆ ಸಮುದ್ರ ಆಗಲೇ ಎದ್ದಿತ್ತು, ಇದು ಕೊನೆಯ ಬೋಟು, ಪಾರ್ಸೆಲ್ ತೆಗೆದುಕೊಳ್ಳುವುದು ನಿನ್ನೆಗೇ ನಿಂತಿದೆ ಎಂದು ಗುಮಾಸ್ತ ಕಿಟಕಿ ಹಾಕಿಬಿಟ್ಟ. ಪಾರ್ಸೆಲ್ಲಿಗೆ ಜಾಗ ಇಲ್ಲ ಸರಿ, ಕೂಸಿಗೆ ಇಲ್ಲವೇ? ಮುಂಬಯಿಯ ಗಿರಣಿಯಲ್ಲಿ ಕೆಲಸ ಮಾಡುವ ಗಂಡನ ಹತ್ತಿರ ಹೊರಟಿದ್ದ ನಿಮ್ಮ ಕದ್ವಾಡದ ಕಮಲಿ ಅಲ್ಲೇ ಸಿಕ್ಕಳು. ನನ್ನ ಶಾಲು ಬಿಚ್ಚಿ ಮಂಗನನ್ನು ತಲೆಯವರೆಗೆ ಸುತ್ತಿ ಅವಳ ಮಡಿಲಿಗೆ ಹಾಕಿದೆ. ಗುಮಾಸ್ತ ಹತ್ತಿರ ಬಂದಾಗ, ಕೂಸಿಗೆ ಗಾಳಿ ತಾಗಬಾರದು, ದೂರ ಸರಿಯಿರಿ ಎಂದು ನಾನೇ ಗದರಿಸಿದೆ. ದೋಣಿಗೆ ಇಳಿಯುವಾಗ ಕಮಲಿ ತಿರುಗಿ, "ಬೊಮ್ಮಣ್ಣಾ, ಇದಕ್ಕೆ ಹಸಿವಾದ್ರೆ ಎಂತಾ ಕೊಡೂದು?" ಎಂದು ಕೇಳಿದಳು. ಏನು ಬೇಕಾದರೂ ಕೊಡು, ಎಣ್ಣೆ ಒಂದು ಕೊಡಬೇಡ ಎಂದೆ.

ದೋಣಿ ಅಲೆಯ ಮೇಲೆ ಏರಿ ಇಳಿದು ಬೋಟಿನ ಹತ್ತಿರ ಹೋಗುವವರೆಗೆ ನಕ್ಕೆ. ಆಮೇಲೆ ನಗಲಿಲ್ಲ. ತಾರು ಬರುವವರೆಗೆ ಅಂಗಡಿಯಲ್ಲಿ ಯಾರ ಚಕ್ರ ಎತ್ತಿ ತಿರುಗಿಸಿದರೂ ಅದರ ಬದಲು ಮಂಗನ ಕೈ ಇಳಿಯುವುದೇ ಕಣ್ಣಿಗೆ ಕಟ್ಟುತ್ತಿತ್ತು. ಈ ಸಲವೂ ಅದು ಬಿದ್ದರೆ ಮಂಗೇಶ ಮತ್ತೆ, ತಪ್ಪು ನನ್ನದು ಎನ್ನುತ್ತಾನೆ. ಅದೊಂದನ್ನು ತಡೆದುಕೊಳ್ಳಲು ನನ್ನಿಂದ ಆಗುತ್ತಿರಲಿಲ್ಲ.

ಈಗ ಎಲ್ಲ ಸುಖ. ನಿನ್ನೆ ಮಂಗೇಶನ ಪತ್ರ ಬಂತು. ಮಂಗ ದೀಪದ ಮುಂದೆ ದಿನವಿಡೀ ನಿಂತು, ಪರದೆಯ ಮೇಲೆ ಸಮುದ್ರ ಹಾರಿದ್ದನ್ನು ಶೇಟರು ಎರಡೆರಡು ಸಲ ಹಾಕಿಸಿ ನೋಡಿದರಂತೆ. ಇನ್ನು ಒಂಬತ್ತು ಮಂಗ ಬೇಕಂತೆ. ಗುಂಡು, ಕಡ್ಡಿ ಎಲ್ಲ ಕಂಪನಿಯೇ ಕಳಿಸುತ್ತದೆ, ಒಂದಕ್ಕೆ ಎಷ್ಟು ದರ, ಇಲ್ಲಿಯವರೆಗಿನ ನಿಜವಾದ ಖರ್ಚು ಎಷ್ಟು, ಬರೆಯಿರಿ ಎಂದಿದ್ದಾನೆ. ಎರಡು ಸೈಕಲ್ಲಿನ ಸಾಮಾನು, ಬಿಳಿಗಾರ, ಹಿತ್ತಾಳೆ, ಗ್ಯಾಸ್‌ಬತ್ತಿಯ ಬಾಡಿಗೆ ಬೇರೆ ಚೀಟಿಯಲ್ಲಿ ಇದೆ. ಗೆರಟೆಗೆ ದರ ಹಾಕಲೇಬೇಕು ಎಂದು ನಿನ್ನ ಅತ್ತೆಯ ಹಟ, ಅದನ್ನೂ ಸೇರಿಸಿದ್ದೇನೆ. ಸೀಸದ ಗುಂಡಿನ ಏಳು ರೂಪಾಯಿ ಮಾತ್ರ ಸೇರಿಸಬೇಡಿ. ಅದು ನನ್ನ ನಾಲಿಗೆಯ ಖರ್ಚು.

ಕದ್ವಾಡಕ್ಕೆ ನಾನೇ ಹೋಗಿ ಮಂಗೇಶನ ಅಪ್ಪನಿಗೆ ವಿಷಯ ತಿಳಿಸಿ ಬಂದೆ. ಅವರು ಎದ್ದು ಒಳಗೆ ಹೋಗಿ, ನನಗೆ ಚಹಕ್ಕೆ ಎರಡನೇ ಸಲ ಸಕ್ಕರೆ ಹಾಕಿಸಿದರು. ಅವರಿಂದ ಅಷ್ಟು ಬಹಳ.

ನಿನ್ನ ಅತ್ತೆ ನಿನಗೆ ಒಣಸಿಗಡಿ, ಹಪ್ಪಳ ಕಟ್ಟಿಟ್ಟಿದ್ದಾಳೆ. ಮಳೆ ಬಿಟ್ಟು ಬೋಟು ಶುರುವಾಗಲಿ. ತಲೆಗೆ ಎಣ್ಣೆ ಹಾಕಿಕೋ ಎಂದು ಬರೆಯಿಸುತ್ತಿದ್ದಾಳೆ. ಅದಕ್ಕೆ ನನ್ನ ಅಡ್ಡಿಯಿಲ್ಲ.

ನಿಮ್ಮಿಬ್ಬರನ್ನೂ ನೆನೆಯುತ್ತ,
ನಿನ್ನ ಮಾವ
ಬೊಮ್ಮು

ತಾ. ಕ. ಮೇಲಿನದನ್ನೆಲ್ಲ ನಿನ್ನ ಅತ್ತೆಗೆ ಓದಿ ಹೇಳಿಯೇ ಮನೆಯಿಂದ ಹೊರಟೆ. ಇದನ್ನು ಪೋಸ್ಟಿನ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಮಂಗೇಶ ನಿಜವಾದ ಖರ್ಚು ಕೇಳಿದ್ದಾನೆ. ನನ್ನ ತಪ್ಪನ್ನು ಹೊತ್ತುಕೊಂಡವನಿಗೆ ಸುಳ್ಳು ಲೆಕ್ಕ ಕೊಟ್ಟು ಪೆನ್ನು ಮುಚ್ಚಲು ಮನಸ್ಸು ಬರಲಿಲ್ಲ. ಅಂಗಡಿಗೆ ಹೆಂಚು ಹೊದಿಸಲು ಇಟ್ಟಿದ್ದ ಹಣವನ್ನು ತೆಗೆದುಕೊಂಡು ನಾನು ಆವತ್ತು ಗುಂಡು ಕೊಳ್ಳಲು ಕಾರವಾರಕ್ಕೆ ಹೋದದ್ದು. ಹೆಂಚು ತರುವ ಮಚವೆ ದೋಣಿ ಮಂಗಳೂರಿನಿಂದ ಹೊರಟೇ ಇಲ್ಲ ಎಂದು ನಿನ್ನ ಅತ್ತೆ ನಂಬಿದ್ದಾಳೆ, ನಾನು ಸೈಕಲ್ಲುಗಳ ಮೇಲೆ ಗೋಣಿ ಹೊದಿಸಿ, ನನ್ನ ತಲೆಯ ಮೇಲೂ ಒಂದು ಹೊದ್ದುಕೊಂಡು ಕೂರುತ್ತೇನೆ. ಕಂಪನಿಯಿಂದ ಇದನ್ನು ಕೇಳಬೇಡಿ, ನೀವೂ ಕಳಿಸಬೇಡಿ. ಒಂಬತ್ತು ಮಂಗಗಳು ಸೇರಿ ಬರುವ ಬೇಸಿಗೆಗೆ ಹೆಂಚು ಹೊದಿಸುತ್ತವೆ. ಉತ್ತರದಲ್ಲಿ ಇದರ ಸುದ್ದಿ ಎತ್ತಬೇಡ, ನಿನ್ನ ಪತ್ರವನ್ನು ನಾನು ಅವಳಿಗೆ ಓದಿ ಹೇಳಬೇಕು, ಓದುವಾಗ ನಾನು ತಡವರಿಸಿದರೆ ಅವಳಿಗೆ ತಿಳಿಯುತ್ತದೆ. ಏಳಕ್ಕೇ ಇಷ್ಟು ಮಾತು ಕೇಳುತ್ತಿದ್ದೇನೆ. ಹೋದದ್ದು ಏಳಲ್ಲ, ಐವತ್ತೆಂಟು ರೂಪಾಯಿ ಹನ್ನೆರಡಾಣೆ.